ಕೆಂಟನ್ನಿನ ಗೇಣಿ ಜಾಗ

ಅಕ್ಕಾ,

ಲಂಡನ್ನಿಗೆ ಸುಖವಾಗಿ ತಲುಪಿದೆ. ಇಲ್ಲಿ ಕೆಂಟನ್ನಿನಲ್ಲಿ ಮಗಳು ತೃಪ್ತಿ ಕೌನ್ಸಿಲ್‌ನವರಿಂದ ಐದು ಸೆಂಟ್ಸ್ ಜಾಗ ಗೇಣಿಗೆ ಹಿಡಿದು ಆರು ವರ್ಷದಿಂದ ತರಕಾರಿ ಬೆಳೆಯುತ್ತಿದ್ದಾಳೆ. "ಡಿಕ್ಲರೇಶನ್ ಕೊಟ್ಟಿದ್ಯಾ?" ಎಂದು ಕೇಳಿದೆ. "ಅಪ್ಪಯ್ಯ, ಇದ್ ಲಂಡನ್. ಸುಮ್ನಿರಿ ಮಾರಾಯ್ರೆ" ಎಂದಳು. ನಮ್ಮ ಅಪ್ಪಯ್ಯ ಎಪ್ಪತ್ನಾಲ್ಕರಲ್ಲಿ, ಉಳುವವನೇ ಒಡೆಯ ಎಂಬ ಕಾನೂನು ಬಂದಾಗ, ಡಿಕ್ಲರೇಶನ್ ಕೊಡದೆ ಸುಮ್ಮನಿದ್ದಿದ್ದರೆ ಧಣಿಗಳ ಗದ್ದೆ ನಮ್ಮದಾಗುತ್ತಿತ್ತೇ?

ಪಕ್ಕದ ತುಂಡು ಎವೆಲಿಯೊ ಎಂಬವನದು, ಕೊಲಂಬಿಯಾದ ಆದಿವಾಸಿ. ಅಲ್ಲಿನ ಬಂಡುಕೋರರೊಂದಿಗೆ ಯುದ್ಧ ನಿಲ್ಲಿಸಿ ಒಪ್ಪಂದಕ್ಕೆ ಸಹಿ ಹಾಕಿದಾಗ ಸರ್ಕಾರ ಆದಿವಾಸಿಗಳ ಭೂಮಿ ಅವರಿಗೇ ಕೊಡುತ್ತೇವೆ ಎಂದಿತ್ತಂತೆ. ಹತ್ತು ವರ್ಷವಾಗುತ್ತ ಬಂತು, ಭೂಮಿ ಇನ್ನೂ ದನದ ಸಾಹುಕಾರನ ಬೇಲಿಯೊಳಗೇ ಇದೆ. ನನಗೆ ಪಿತ್ತ ನೆತ್ತಿಗೇರಿತು. "ಹೆದ್ರಬೇಡ ಮಾರಾಯ. ಅಳತೆ ಮಾಡ್ಸ್, ಒಂದಡಿ ಜಾಗವನ್ನೂ ಬಿಡ್ಬೇಡ" ಎಂದು ಅರ್ಧ ಗಂಟೆ ಹೇಳಿಕೊಟ್ಟೆ. ತೃಪ್ತಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಇವತ್ತು ಬೆಳಿಗ್ಗೆ ಅವನು ಟೇಪು ಹಿಡಿದು ಬಂದ. ತೃಪ್ತಿಯ ಸೋರೆ ಚಪ್ಪರ ಅವನ ಜಾಗದೊಳಗೆ ಒಂದೂವರೆ ಅಡಿ ಇದೆಯಂತೆ.

ಮಂಡಿನೋವು ಪರವಾಗಿಲ್ಲ. ತೃಪ್ತಿ ಮಾತು ಬಿಟ್ಟಿದ್ದಾಳೆ. ಚಪ್ಪರದ ಕಂಬ ಕೀಳಲು ಹೊರಟಿದ್ದೇನೆ, ಅವಸರ.

ನಿನ್ನ ತಮ್ಮ, ಕೆಂಟನ್ನಿನ ಧಣಿ,
ಮಂಜಯ್ಯ