ಸಾಸ್ ಅಲ್ಲ ಅತ್ತೆ, ಸಾಂಸ್

ಸೊಸೆ ಸುಮತಿಗೆ ನಿನ್ನ ಅತ್ತೆ ಬರೆಯುವುದು.

ಅಭ್ಯಾಸದಂತೆ ಮೊದಲು ಚಿ. ಸೌ. ಎಂದು ಬರೆಯಲು ಹೋದೆ, ಕೈ ನಿಂತಿತು. ಸೌಭಾಗ್ಯವತಿ ನಿಜ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೊಗಳಿದರು. ಅವರ ಪುಣ್ಯಕ್ಕೆ ಬೆಂಕಿ ಹಾಕ! ಚಿರಂಜೀವಿ ಅನ್ನುವುದನ್ನು ನಾನು ಯಾವ ಕೈಯಲ್ಲಿ ಬರೆಯಲಿ? ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು, ಕಾಗುಣಿತ ತಪ್ಪಿದ್ದರೆ ನಗು. ನಗುವುದರಲ್ಲಿ ನೀನೇನು ಕಡಿಮೆಯೇ?

ನೀನು ಪಾತ್ರೆ ತೊಳೆಯುತ್ತಿದ್ದ ಆ ಭಾನುವಾರ ನೆನಪಿದೆಯಾ? ದೆಹಲಿಯ ಮಯೂರ್ ವಿಹಾರದ ಈ ಅಡುಗೆಮನೆಯಲ್ಲಿ ನಾವಿಬ್ಬರು ನಿಂತರೆ ಗಾಳಿಗೂ ಜಾಗವಿಲ್ಲ. ನೀನು ನಲ್ಲಿ ಸಣ್ಣಗೆ ಬಿಟ್ಟುಕೊಂಡು ಒಂದು ಲೋಟವನ್ನು ದೇವರ ವಿಗ್ರಹದ ಹಾಗೆ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದೆ. ಏನೇ ಇದು ಎಂದೆ.

"ಫೋನಿಗೆ ಒಂದು ಆಪ್ ಹಾಕ್ಕೊಂಡಿದೀನಿ ಅತ್ತೆ. ಮಾಡೋ ಕೆಲಸದ ಮೇಲೇ ಮನಸ್ಸಿಡೋದನ್ನ ಕಲಿಸುತ್ತೆ. ಪಾತ್ರೆ ತೊಳೆಯೋವಾಗ ಪಾತ್ರೆ ಮಾತ್ರ ತೊಳೀಬೇಕಂತೆ."

"ಇಷ್ಟು ದಿನ ಜೊತೆಗೆ ಏನು ತೊಳೀತಿದ್ದೆ, ನನ್ನ ಮಾನಾನಾ?"

"ಅದಕ್ಕೆ ಈ ಸೊಸೈಟಿ ನೀರು ಸಾಲಲ್ಲ ಅತ್ತೆ."

ನಾಲಿಗೆ ನನ್ನದೋ ನಿನ್ನದೋ ಹೆಚ್ಚು ಚೂಪು? ಮನಸ್ಸಿಡು ಎಂದು ಹೇಳುವುದಕ್ಕೆ ಫೋನು ಬೇಕೇ? ನಮ್ಮೂರಲ್ಲಿ ಒಲೆಯ ಮುಂದೆ ಕೂತವಳ ಗಮನ ತಪ್ಪಿದರೆ ಸೆರಗೇ ಹೊತ್ತಿಕೊಂಡು ಹೇಳುತ್ತಿತ್ತು.

ಆಗಷ್ಟೇ ನಮ್ಮ ಕಡೆಗೂ ಮೆಟ್ರೋ ಬಂದಿತ್ತು. ನೀನು ಕಿವಿಗೆ ವಯರು ಸಿಕ್ಕಿಸಿಕೊಂಡು ಅದರಲ್ಲಿ ಕೂತು ಅಭ್ಯಾಸ ಮಾಡುತ್ತೇನೆ ಎನ್ನುತ್ತಿದ್ದೆ. ಒಂದು ದಿನ ವಯರು ಕಿತ್ತುಹೋಯಿತೆಂದು ಫೋನನ್ನು ಕಿಟಕಿಯಲ್ಲಿಟ್ಟು ಜೋರಾಗಿ ಹಾಕಿದೆ. ಒಬ್ಬ ಗಂಡಸು ಜೇನು ಸುರಿದ ಹಾಗೆ ಹಿಂದಿಯಲ್ಲಿ ಹೇಳುತ್ತಿದ್ದ: ಸಾಂಸ್ ಕೋ ಆತೇ ದೇಖೋ, ಜಾತೇ ದೇಖೋ, ರೋಕೋ ಮತ್. ತರಕಾರಿ ಭಯ್ಯಾನ ಹತ್ತಿರ ಕಲಿತ ನನ್ನ ಹಿಂದಿಗೆ ಅದು ಸಾಸ್ ಎಂದೇ ಕೇಳಿಸಿತು. ಅತ್ತೆ ಬರುವುದನ್ನು ನೋಡು, ಹೋಗುವುದನ್ನು ನೋಡು, ತಡೆಯಬೇಡ! ದುಡ್ಡು ಕೊಟ್ಟು ತಂದ ಫೋನಿನಲ್ಲಿ ಈ ಪಾಠವೇ? ಕಿದ್ವಾಯಿ ನಗರದ ತಂಗಿ ಮನೆಗೆ ಹೊರಟೆ ಎಂದು ಚೀಲಕ್ಕೆ ಸೀರೆ ತುಂಬಿದೆ. "ತಡೀಬೇಡ ತಾಯಿ, ಅವನೇ ಹೇಳಿದಾನಲ್ಲ" ಎಂದೆ. ನಿನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗುನಗುತ್ತಾ ನೆಲಕ್ಕೇ ಕುಸಿದೆ. "ಸಾಸ್ ಅಲ್ಲ ಅತ್ತೆ, ಸಾಂಸ್. ಉಸಿರು, ಉಸಿರು!"

ಆಸ್ಪತ್ರೆಯಲ್ಲಿಯೂ ಅದನ್ನೇ ಹಿಡಿದು ಕಾಡಿದೆಯಲ್ಲ. ಗರ್ಭಕೋಶದ ಕಾಯಿಲೆ, ನಿಲ್ಲದ ರಕ್ತ. ನೋವು ಏರಿದಾಗ ನನ್ನ ಕೈ ಹಿಡಿದು, "ಬನ್ನಿ, ಸಾಸ್ ಮೇಲೆ ಮನಸ್ಸಿಡ್ತೀನಿ" ಎಂದು ನನ್ನ ಮುಖವನ್ನೇ ನೋಡುತ್ತಿದ್ದೆ. ಈ ಮುಖದಲ್ಲಿ ಏನಿತ್ತೇ ನೋಡುವುದಕ್ಕೆ? ಕೊನೆಗೆ ನಿನ್ನ ಉಸಿರನ್ನು ನೋಡುತ್ತಾ ಕೂತವಳು ನಾನು. ಬಂತು, ಹೋಯಿತು. ಬಂತು, ಹೋಯಿತು. ಆಮೇಲೆ... ತಡೆಯಬೇಡ ಅಂದಿದ್ದ ಆ ಜೇನುಬಾಯಿಯವನು. ತಡೆಯುವುದು ನನಗೆ ಗೊತ್ತಿದ್ದರೆ ಸುಮತಿ, ನಾನು ಅವನ ಮಾತು...

ಹೋಗಲಿ. ಮೇಘಾಳ ವಿಷಯ ಹೇಳುತ್ತೇನೆ. ನೀನು ಹೋದ ಮೇಲೆ ನಿನ್ನ ಮಗಳು ಅಳಲಿಲ್ಲ. ನಿನ್ನ ಫೋನನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ. ಅದರೊಳಗೆ ಆ ಆಪಿನಲ್ಲಿ ನೀನಿಟ್ಟಿದ್ದ ಗಂಟೆ ಆಗಾಗ ಟಿಣ್ ಅನ್ನುತ್ತದೆ. ಅಂದಾಗಲೆಲ್ಲ ನಿನ್ನ ಗಂಡ ರಘು ತಟ್ಟೆ ಬಿಟ್ಟು ಎದ್ದುಹೋಗುತ್ತಾನೆ, ಇವಳು ಕಲ್ಲಿನ ಹಾಗೆ ಕೂತಿರುತ್ತಾಳೆ. ಕರೆದರೆ ಬರಳು, ಬೈದರೆ ತಿರುಗಿ ಬೈಯಳು. ನಿನ್ನ ಹೊಟ್ಟೆಯಲ್ಲಿ ಹುಟ್ಟಿ ತಿರುಗಿ ಬೈಯದ ಮಗುವೆಂದರೆ ನನಗೆ ಹೆದರಿಕೆಯಾಗುವುದಿಲ್ಲವೇ? ನಿನ್ನ ಹಿಂದೆ ಇವಳೂ ಕೈತಪ್ಪಿ ಹೋಗುತ್ತಾಳೇನೋ ಎಂದು ದಿನವೂ ಜೀವ ಕೈಯಲ್ಲಿ ಹಿಡಿದಿದ್ದೆ.

ಇವತ್ತು ಬೆಳಗ್ಗೆ ಬಚ್ಚಲಿಗೆ ಹೋದವಳು ಚಿಲಕ ಹಾಕಿಕೊಂಡು ಹೊರಗೆ ಬರಲೇ ಇಲ್ಲ. ಬಡಿದೆ, ಕೂಗಿದೆ. ಒಳಗೆ ಉಸಿರು ಎಳೆದೆಳೆದು ಬಿಡುವುದಷ್ಟೇ ಕೇಳುತ್ತಿತ್ತು.

"ಅಜ್ಜಿ, ಮುಝೇ ಭೀ ಹೋ ಗಯಾ. ಖೂನ್... ಅಮ್ಮನ ಥರ. ನಾನೂ ಸಾಯ್ತೀನಿ."

ಇದು ಯಾವ ರಕ್ತ ಎಂದು ಮಗಳಿಗೆ ಹೇಳಿಕೊಡುವಷ್ಟು ಪುರುಸೊತ್ತನ್ನೂ ಆ ಹಾಳು ಕಾಯಿಲೆ ನಿನಗೆ ಕೊಡಲಿಲ್ಲವಲ್ಲೇ! ನಾನು ಏನು ಹೇಳಿದರೂ ಅವಳ ಕಿವಿಗೆ ಬೀಳುವಂತಿರಲಿಲ್ಲ. ಬಾಗಿಲಿಗೆ ಬಾಯಿಟ್ಟೆ.

"ಮೊದಲು ಉಸಿರು ನೋಡು ಕಂದ. ಬರ್ತಾ ಇದೆ, ನೋಡು. ಹೋಗ್ತಾ ಇದೆ, ನೋಡು. ಹಿಡೀಬೇಡ. ಮತ್ತೆ ಬರುತ್ತೆ."

"ಪಕ್ಕಾ?"

ಸುಮತಿ, ನಿನ್ನ ಮಂಚದ ಪಕ್ಕ ಕೂತು ಬಾರದ ಉಸಿರಿಗೆ ಕಾದವಳು ನಾನು. ಆದರೂ ಪಕ್ಕಾ ಎಂದೆ. ಅವಳ ಉಸಿರು ಮೆತ್ತಗಾಗುವವರೆಗೂ ಹೇಳುತ್ತಲೇ ಇದ್ದೆ. ಆಮೇಲೆ, "ಇದು ಅಮ್ಮನಿಗೆ ಬಂದ ಕಾಯಿಲೆ ಅಲ್ಲ. ನನಗೂ ಆಗಿತ್ತು, ಎಲ್ಲ ಹೆಣ್ಣುಮಕ್ಕಳಿಗೂ ಆಗುತ್ತೆ, ಬಾಗಿಲು ತೆಗಿ" ಎಂದೆ. ಚಿಲಕ ಸರಿಯಿತು.

ನಿನ್ನ ಬೀರುವಿನಲ್ಲಿದ್ದ ಪ್ಯಾಡಿನ ಪೊಟ್ಟಣ ತಂದೆ. ನನಗೆ ಗೊತ್ತಿರುವುದು ಹಳೇ ಸೀರೆಯ ಬಟ್ಟೆ. ಪೊಟ್ಟಣದ ಮೇಲಿನ ಚಿತ್ರ ನೋಡಿಕೊಂಡು ಇಬ್ಬರೂ ಕಲಿತೆವು. ಆಮೇಲೆ ನನ್ನ ತೊಡೆಯ ಮೇಲೆ ಬಿದ್ದು ಅತ್ತಳು ನೋಡು, ನೀನು ಹೋದ ದಿನದ ಅಳುವನ್ನೆಲ್ಲ ಸೇರಿಸಿ ಅತ್ತಳು. "ಅಮ್ಮನಿಗೆ ಫಸ್ಟ್ ಟೈಮ್ ಆದಾಗ ಯಾರಿದ್ರು ಅಜ್ಜಿ? ಡರ್ ಲಗಾ ಥಾ?" ಎಂದು ಕೇಳಿದಳು. ನನಗೇನು ಗೊತ್ತು? ನಿನ್ನ ತಾಯಿಯೂ ಇಲ್ಲ. ನಿನಗೆ ಹೆದರಿಕೆಯಾಗಿತ್ತಾ ಸುಮತಿ? ಯಾರನ್ನು ಕೇಳಲಿ?

ಮಧ್ಯಾಹ್ನ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಮಾಡಿಕೊಟ್ಟೆ. ಮೂಸಿ ನೋಡಿ, "ಚಾಕ್ಲೇಟ್ ಇಲ್ವಾ?" ಎಂದಳು. ಬೈದೆ, ತಿರುಗಿ ಬೈದಳು. ರಘು ಇನ್ನೂ ಮಾನೇಸರಿನ ಕಾರ್ಖಾನೆಯಲ್ಲಿದ್ದಾನೆ. ಫೋನ್ ಮಾಡಿ ಅಪ್ಪನಿಗೆ ಹೇಳೋಣವೇ ಎಂದೆ. ತಲೆ ಅಲ್ಲಾಡಿಸಿ, "ಪಹಲೇ ಅಮ್ಮನಿಗೆ, ಆಮೇಲೆ ಅಪ್ಪನಿಗೆ" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ, ತಾಯಿ. ನಿನ್ನ ಮಗಳು ದೊಡ್ಡವಳಾದಳು.