ವತ್ಸಲಾಬಾಯಿಯವರ ಎದುರು ಕೂತು ಕಲಿತದ್ದು

ನನ್ನ ಗುರುಗಳಾದ ವತ್ಸಲಾಬಾಯಿಯವರೇ,

ನನ್ನ ಮೊದಲ ರೋಗಿ ನೆನಪಿದ್ದಾರೆಯೇ, ಚಿಂಚವಾಡದ ಆ ಫಿಟ್ಟರ್? ಧಾರವಾಡದಿಂದ ಪುಣೆಗೆ ಬಂದು ನಿಮ್ಮ ಬಳಿ ಮನೋಚಿಕಿತ್ಸೆ ಕಲಿಯುತ್ತಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಅವರು ಮನೆಯಲ್ಲಿ ಮಾತು ಬಿಟ್ಟಿದ್ದರು. ಹೆಂಡತಿಯ ಒತ್ತಾಯಕ್ಕೆ ಬಂದವರು ನನ್ನ ಮುಂದೆಯೂ ಸುಮ್ಮನೆ ಕೂರುತ್ತಿದ್ದರು. ಈ ಕೆಲಸ ನನಗಲ್ಲ, ಊರಿಗೆ ಹೋಗುತ್ತೇನೆ ಎಂದು ನಿಮ್ಮ ಬಳಿ ಅತ್ತೆ.

"ಹೋಗುವಿಯಂತ ತಂಗಿ. ಅವರು ಸುಮ್ನ ಕೂತಾಗ ನಿನಗ ಏನ ಅನಸ್ತದ?"

"ನನ್ನಿಂದ ಏನೂ ಉಪಯೋಗ ಇಲ್ಲ ಅನಸ್ತದ್ರಿ."

"ಅದನ್ನ ಅವರಿಗೇ ಹೇಳು."

ಅಂಥ ಮಾತನ್ನು ರೋಗಿಗೆ ಹೇಳಬಹುದೇ? ಮುಂದಿನ ವಾರ ತಡವರಿಸುತ್ತ, ನನ್ನ ಹರಕು ಮರಾಠಿಯಲ್ಲಿ ಹೇಳಿಯೇಬಿಟ್ಟೆ. ಅವರು ಮೊದಲ ಸಲ ತಲೆ ಎತ್ತಿದರು. ಮನೆಯಲ್ಲಿ ತನಗೂ ಹಾಗೇ ಅನಿಸುತ್ತದೆ ಎಂದರು. ಆಮೇಲೆ ನನ್ನ ಮರಾಠಿ ತಿದ್ದಿದರು. ಇಬ್ಬರೂ ನಕ್ಕೆವು. ಅವರು ಮಾತಿಗೆ ಮರಳಿದರು, ನಾನು ಪುಣೆಯಲ್ಲೇ ಉಳಿದೆ.

ಇನ್ನೊಂದು ದಿನ ನಾನಿದ್ದ ಕೊಂಢವಾದಿಂದ ಎರಡು ಬಸ್ಸು ಬದಲಿಸಿ ಬಂದರೆ ನಿಮ್ಮ ಬಾಗಿಲಿಗೆ ಬೀಗ. ನನ್ನನ್ನು ಮರೆತು ಯಾರದೋ ಮದುವೆಗೆ ಹೋಗಿದ್ದಿರಿ. ಮರುವಾರ ನಾನು "ಇರಲಿ ಬಿಡ್ರಿ" ಎಂದು ನಕ್ಕರೂ ನೀವು ಬಿಡಲಿಲ್ಲ. "ತಪ್ಪು ನಂದು. ನಿನಗ ಸಿಟ್ಟು ಬಂದದ. ಹೇಳು, ಕೇಳ್ತೀನಿ." ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. ಹಿರಿಯರೊಬ್ಬರು ಚಿಕ್ಕವರ ಸಿಟ್ಟನ್ನು ಹೀಗೆ ಕೂತು ಕೇಳಿದ್ದನ್ನು ನಮ್ಮ ಮನೆಯಲ್ಲಿ ಎಂದೂ ಕಂಡವಳಲ್ಲ. ಜಗಳವಾಡಿದ ಮೇಲೂ ಮುಂದಿನ ವಾರ ಬರಬಹುದು ಎಂಬುದು... ಬೇರೆಲ್ಲಿ ಕಲಿಯುತ್ತಿದ್ದೆ?

ಈಗ ನೀವು ತೀರಿಹೋದ ಮೇಲಿನ, ನಿಮಗೆ ಗೊತ್ತಿಲ್ಲದ ಸುದ್ದಿ. ಈ ವರ್ಷದಿಂದ ನಾನೂ ಕಲಿಸುತ್ತಿದ್ದೇನೆ. ಮೊನ್ನೆ ಮೇಧಾ ಎಂಬ ಶಿಷ್ಯೆ ಕೇಳಿದಳು: "ರೋಗಿ ಚಕ್ಕಲಿ ತಂದಾರ್ರಿ. ತಗೋಬೇಕೋ ಬ್ಯಾಡೋ?"

"ನಮ್ಮ ಬಾಯಿಯವರು ಏನೂ ತಗೋತಿದ್ದಿಲ್ಲ..." ಎಂದು ಶುರು ಮಾಡಿದೆ.

"ಅವರನ್ನ ನಾ ನೋಡಿಲ್ರಿ. ನೀವು ಹೇಳ್ರಿ."

ನಿಮ್ಮನ್ನು ಬದಿಗಿಟ್ಟು ಹೇಳಿದೆ: "ತಗೋ. ಅವರ ಎದುರಿಗೇ ಒಂದು ತಿನ್ನು."

ಇಬ್ಬರೂ ತಿಂದರಂತೆ. ತಿನ್ನುತ್ತಲೇ ಆ ಹೆಂಗಸು, ಅಲ್ಲಿಯವರೆಗೆ ಹೇಳದೇ ಇಟ್ಟಿದ್ದ ತನ್ನ ಮಗಳ ವಿಷಯ ತೆಗೆದಳಂತೆ. ನೀವಿದ್ದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಗಂಟೆಗಟ್ಟಲೆ ವಾದ ಹೂಡುತ್ತಿದ್ದಿರಿ. ನಾನೂ ಸೋಲುತ್ತಿರಲಿಲ್ಲ, ಬಾಯಿ.

ನಿಮ್ಮ ಶಿಷ್ಯೆ,
ಶೈಲಾ