ಮುಖದಾಕ್ಷಿಣ್ಯದ ಮೊತ್ತ

ಶಿರಸಿ
೧೮ ಏಪ್ರಿಲ್ ೨೦೦೮

ಪ್ರೀತಿಯ ಜಯಕ್ಕನಿಗೆ ತಂಗಿ ತನುಜಾಳ ನಮಸ್ಕಾರಗಳು.

ಕ್ಷೇಮ ಸಮಾಚಾರ ಆಮೇಲೆ. ಅಂದಾನಪ್ಪ ಭಾವ ನಾನು ಕೆಲಸ ಮಾಡುವ ಸಂಸ್ಥೆಯ ಆ ಕರಾರಿಗೆ ಸಹಿ ಹಾಕಬಾರದು. ಕೈ ಹಿಡಿದಾದರೂ ನಿಲ್ಲಿಸು. ಯಾಕೆಂದು ಬರೆಯುತ್ತೇನೆ, ಪೂರ್ತಿ ಓದು ಮಾರಾಯ್ತಿ.

ಯುಗಾದಿಗೆ ನಿಮ್ಮೂರು ಕಿರವತ್ತಿಗೆ ಬಂದಾಗ ಉಬ್ಬಿ ಉಬ್ಬಿ ಹೇಳಿದವಳು ನಾನೇ ಅಲ್ಲವೇ? ಮೂರೆಕರೆ ಗೋವಿನಜೋಳದ ಹೊಲವನ್ನು ಹತ್ತು ವರ್ಷ ಉಳದೆ, ಮರ ಬೆಳೆಯಲು ಬಿಟ್ಟರೆ ಗಾಳಿ ಕೆಡಿಸುವ ಇಂಗಾಲ ಮಣ್ಣು ಸೇರುತ್ತದೆ, ಅದಕ್ಕೆ ಶಿರಸಿ ಪೇಟೆಯವರು ತಿಂಗಳಿಗಿಷ್ಟು ಕೊಡುತ್ತಾರೆ ಎಂದು. "ಕಣ್ಣಿಗೆ ಕಾಣದ್ದಕ್ಕ ಯಾರು ರೊಕ್ಕ ಕೊಡ್ತಾರವಾ" ಎಂದು ಭಾವ ಕೇಳಿದರು. ನಾನು ನಕ್ಕೆ. ನಾನೇ ಮನೆ ಮನೆ ತಿರುಗಿ ಕೇಳಿದ್ದೇನೆ, ಎಲ್ಲರೂ ಒಪ್ಪಿದ್ದಾರೆ ಎಂದೆ. ಒಪ್ಪಿದ್ದು ಸುಳ್ಳಲ್ಲ. ಹೇಗೆ ಒಪ್ಪಿದರು ಎಂಬುದನ್ನು ಹೇಳಲಿಲ್ಲ.

ಎಷ್ಟು ಕೊಡುತ್ತೀರಿ ಎಂದು ಕೇಳುವ ಆ ಸಮೀಕ್ಷೆಯಲ್ಲಿ ಫಾರಂನಲ್ಲಿದ್ದಷ್ಟನ್ನೇ ಓದಬೇಕಿತ್ತು. ನಾನು ಸುಮ್ಮನಿರಲಾರದೆ, ನಮ್ಮಕ್ಕನ ಹೊಲವೂ ಇದರಲ್ಲಿದೆ ಎಂದು ಹೋದಲ್ಲೆಲ್ಲ ಹೇಳಿದೆ. ಅವರು ಕೂರಿಸಿ ಕಷಾಯ ಕೊಟ್ಟು, ತಿಂಗಳಿಗೆ ಐವತ್ತು, ನೂರು ರೂಪಾಯಿ ಎಂದು ಬರೆಸಿದರು. ನಮ್ಮ ಕಡೆಯವರು ಗೊತ್ತಲ್ಲ, ಮನೆಗೆ ಬಂದ ಹುಡುಗಿಗೆ ಎದುರೆದುರೇ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ! ಆ ಅಂಕಿ ನೋಡಿ ಸಂಸ್ಥೆಯ ದೊಡ್ಡವರು ಚಪ್ಪಾಳೆ ತಟ್ಟಿದರು. ನನ್ನ ಕೆಲಸ ಖಾಯಂ ಮಾಡುವ ಮಾತೂ ಬಂತು. ನಾನು ಅಂಕಿಯನ್ನು ಹಾಗೆಯೇ ಇರಲು ಬಿಟ್ಟೆ.

ಮೊನ್ನೆ ಮೊದಲ ಕಂತಿನ ರಸೀದಿ ಪುಸ್ತಕ ಹಿಡಿದು ಅದೇ ಮನೆಗಳಿಗೆ ಹೋದೆ. ಪರಿಮಳಕ್ಕ ಬಾಗಿಲಲ್ಲೇ ನಿಂತು, "ನಿನ್ನ ಮುಖ ನೋಡಿ ನಾ ಹೇಳಿದ್ದಿ ತಂಗಿ, ಖರೇ ಕೊಡಲೆ ಆಗ್ತಿಲ್ಲೆ" ಎಂದರು. ಪಕ್ಕದ ಮನೆ ಸಾವಿತ್ರವ್ವ, "ಅಯ್ಯ, ಅದು ಬರೀ ಬರ್ಕೊಳ್ಳೋಕೆ ಅಲ್ಲೇನೇ" ಎಂದು ನನ್ನನ್ನೇ ಕೇಳಿದರು. ಹನ್ನೊಂದು ಮನೆ ತಿರುಗಿದೆ. ಒಂದು ರಸೀದಿಯನ್ನೂ ಹರಿಯಲಿಲ್ಲ.

ನಿನ್ನೆ ಕರಾರನ್ನು ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು, ಹೌದು. ಪೇಟೆಯಿಂದ ಬಂದಷ್ಟು ಕೊಡುತ್ತೇವೆ ಎಂದಷ್ಟೇ ಇದೆ. ಏನೂ ಬಾರದಿದ್ದರೂ ಹತ್ತು ವರ್ಷ ನೇಗಿಲು ಹೂಡುವಂತಿಲ್ಲ. ಆಗ ನೀವು ಉಣ್ಣುವುದೇನು ಅಕ್ಕಾ? ಸಂಸ್ಥೆಗೆ ಇನ್ನೂ ಹೇಳಿಲ್ಲ, ಹೆದರಿಕೆ. ನಿನಗೆ ಹೇಳಲು ಅದಕ್ಕಿಂತ ಹೆಚ್ಚು ಹೆದರಿಕೆ ಇತ್ತು. ಎಷ್ಟು ಬೇಕಾದರೂ ಬೈಯಿ, ಭಾವನನ್ನು ಮಾತ್ರ ತಡೆ.

ನಿನ್ನ ತಂಗಿ,
ತನುಜಾ

ತಾ.ಕ.: ಕಾಗದ ಮಡಚಿದ ಮೇಲೆ ತಡೆಯಲಾರದೆ ಫೋನ್ ಮಾಡಿದೆ. ಭಾವ ಎತ್ತಿದರು. ನಿನ್ನೆಯೇ ಸಹಿ ಹಾಕಿದರಂತೆ. ಇನ್ನು ಉಳುವುದಿಲ್ಲವಲ್ಲ ಎಂದು ಜೋಡೆತ್ತನ್ನೂ ಮಾರಿದರಂತೆ. "ನೀ ಹೇಳೀ ಅಂದ ಮ್ಯಾಲ ನನಗೇನ ಚಿಂತಿ, ತಂಗಿ" ಎಂದರು. ಒಳ್ಳೆಯದಾಯಿತು ಭಾವ, ಎಂದು ಫೋನ್ ಇಟ್ಟುಬಿಟ್ಟೆ. ಈ ಕಾಗದವನ್ನು ಹಾಗೆಯೇ ಅಂಚೆಗೆ ಹಾಕುತ್ತಿದ್ದೇನೆ. ಅವರಿಗೆ ನೀನೇ ಓದಿ ಹೇಳು.